ಬಾವಿ ಹಗ್ಗಕ್ಕೆ ಹತ್ತಿದ ಬಣ್ಣ

ಇಳಕಲ್ಲಿನ ಒಂದು ಓಣಿಯಲ್ಲಿ, ಮಟಮಟ ಮಧ್ಯಾಹ್ನ, ಮನೆಯ ಹಿರಿಯಾಕೆ ರೊಟ್ಟಿ ತಿನ್ನಲು ಒಳಗೆ ಹೋದದ್ದನ್ನು ನೋಡಿಕೊಂಡು ನಾನು ಆಕೆಯ ಬಾವಿಯ ಹಗ್ಗ ಎತ್ತಿಕೊಂಡು ಹೋದೆ. ಕೇಳಲಿಲ್ಲ. ಕೇಳಿದ್ದರೆ ಕೊಡುತ್ತಿರಲಿಲ್ಲ, ಅದಕ್ಕೇ ಕೇಳಲಿಲ್ಲ. ಅರ್ಧ ತಾಸಿನೊಳಗೆ ತಂದು ಅದೇ ಗೂಟಕ್ಕೆ, ಎಷ್ಟು ಸುತ್ತು ಇತ್ತೋ ಅಷ್ಟೇ ಸುತ್ತು ಹಾಕಿದೆ. ನನ್ನ ಆಯುಷ್ಯದಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಿದ ಕೆಲಸ ಮತ್ತೊಂದಿಲ್ಲ. ಆ ಅಚ್ಚುಕಟ್ಟಿನಿಂದ ಪಕ್ಕದ ಮನೆಯವರ ಒಲೆ ಆರಿತು, ಆರು ಮಗ್ಗಗಳು ಕೆಂಪು ನೂಲಿಲ್ಲದೆ ಸುಮ್ಮನೆ ನಿಂತವು, ನನಗೆ ಎಂಟು ದಿನ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ. ಕೊನೆಯದು ಸುಳ್ಳು. ರೊಟ್ಟಿ ಇಳಿಯಿತು. ಕುಂತಲ್ಲಿ ಕೂಡಲು, ನಿಂತಲ್ಲಿ ನಿಲ್ಲಲು ಮಾತ್ರ ಆಗಲಿಲ್ಲ.

ನಾನು ಏನು ಕೆಲಸ ಮಾಡುತ್ತೇನೆ ಅನ್ನುವುದು ನಮ್ಮ ಅವ್ವನಿಗೆ ಇಂದಿಗೂ ತಿಳಿದಿಲ್ಲ. ಯಾರಾದರೂ ಕೇಳಿದರೆ ‘ನೀರಿನ ಇಲಾಖ್ಯಾಗ ಅದಾನ’ ಅಂತ ಹೇಳುತ್ತಾಳೆ. ಖರೆ ಅಂದರೆ ನಾನು ಬಾಗಲಕೋಟೆಯ ಒಂದು ಕಾಲೇಜಿನಲ್ಲಿ ಭೂವಿಜ್ಞಾನದ ಮೇಡಂ ಒಬ್ಬರ ಕೈಕೆಳಗೆ ಬಾಟಲಿ ತುಂಬುವವ. ನೆಲದೊಳಗಿನ ನೀರು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ ಅಂತ ಪತ್ತೆ ಹಚ್ಚುವುದು ಮೇಡಂ ಅವರ ಕೆಲಸ. ನೀರು ತಾನಾಗಿ ಹೇಳುವುದಿಲ್ಲವಾದ್ದರಿಂದ ಅದರ ಮೈಮೇಲಿನ ಗುರುತು ನೋಡಬೇಕು. ನೀರಿನಲ್ಲಿ ಹಗುರ ಕಣ, ಭಾರದ ಕಣ ಅಂತ ಎರಡೂ ಇರುತ್ತವೆ. ಬಿಸಿಲಿಗೆ ಹಗುರದವು ಮುಂಚೆ ಆವಿಯಾಗಿ ಹೋಗುತ್ತವೆ, ಭಾರದವು ಹಿಂದೆ ಉಳಿಯುತ್ತವೆ. ಹಾಗಾಗಿ ಜಲಾಶಯದಲ್ಲಿ ತಿಂಗಳುಗಟ್ಟಲೆ ಬಿಸಿಲು ತಿಂದು ನಳದಲ್ಲಿ ಬರುವ ನೀರು ಬೇರೆ, ಮಳೆ ಬಿದ್ದ ಕೂಡಲೇ ನೆಲಕ್ಕಿಳಿದ ನೀರು ಬೇರೆ. ಕಣ್ಣಿಗೆ ಎರಡೂ ಒಂದೇ. ಯಂತ್ರಕ್ಕೆ ಮಾತ್ರ ಗೊತ್ತು. ಆ ಯಂತ್ರ ನಮ್ಮಲ್ಲಿಲ್ಲ, ದೂರದ ಊರಿನಲ್ಲಿದೆ. ಬಾಟಲಿ ಕಳಿಸಿ ವಾರಗಟ್ಟಲೆ ಬಾಯಿ ಬಿಟ್ಟುಕೊಂಡು ಕಾಯಬೇಕು.

ಕಾಯುವುದು ನನ್ನ ಜಾತಕದಲ್ಲಿಲ್ಲ. ಹುನಗುಂದದ ಒಬ್ಬರ ಮಾಳಿಗೆ ಮೇಲೆ ಮಳೆನೀರು ಹಿಡಿಯುವ ಡಬ್ಬಿ ಇಟ್ಟಿದ್ದೆವು. ಹಿಡಿದ ನೀರು ಆವಿಯಾಗದಂತೆ ಮೇಲೊಂದು ಪದರ ಪ್ಯಾರಾಫಿನ್ ಎಣ್ಣೆ ಇರಬೇಕು. ಒಮ್ಮೆ ಆ ಎಣ್ಣೆ ಮುಗಿದಿತ್ತು, ಬಾಗಲಕೋಟೆಗೆ ಹೋಗಿ ತರುವಷ್ಟು ತಾಳ್ಮೆ ಇರಲಿಲ್ಲ, ಕೆಳಗಿನ ಅಡಿಗೆಮನೆಯಿಂದ ಶೇಂಗಾ ಎಣ್ಣೆ ಇಸಿದುಕೊಂಡು ಹಾಕಿದೆ. ಹುನಗುಂದದ ಇರುವೆಗಳೆಲ್ಲ ಆ ಡಬ್ಬಿಗೆ ಬಂದು ಸಮಾಧಿಯಾದವು. ಮೇಡಂ ಅದನ್ನು ನೋಡಿ, ‘ಸಾಸ್ವಿ, ಕರಿಬೇವು ಯಾಕ ಬಿಟ್ಟಿ?’ ಅಂದಿದ್ದರು. ಅಂಥವನ ಕೈಗೆ ಇಳಕಲ್ಲಿನ ಪರೀಕ್ಷೆ ಬಂತು.

ಆ ಓಣಿಯಲ್ಲಿ ಎರಡು ಮನೆಗೆ ಒಂದೇ ಗೋಡೆ. ಆಚೆ ಆ ಹಿರಿಯಾಕೆ, ಓಣಿಗೆಲ್ಲ ಆಯಿ, ಆಕೆಯ ಅಂಗಳದಲ್ಲಿ ಕಲ್ಲು ಕಟ್ಟಿದ ಹಳೆಯ ಬಾವಿ. ನಳ ಬಂದರೂ ಆಯಿ ಕುಡಿಯುವುದು, ಪೂಜೆಗೆ ಇಡುವುದು ಬಾವಿಯ ನೀರನ್ನೇ. ಈಚೆ ಸೀರೆ ಸೆರಗಿನ ನೂಲಿಗೆ ಬಣ್ಣ ಹಾಕುವ ಕಾಕಾ. ಬಣ್ಣದ ನೀರು ಹೋಗಲು ಆತನ ಹಿತ್ತಲಲ್ಲಿ ಕಲ್ಲು ಮುಚ್ಚಿದ ಒಂದು ಇಂಗುಗುಂಡಿ. ವರ್ಷದಿಂದೀಚೆಗೆ ಆಯಿಯ ಬಾವಿ ನೀರು ಉಪ್ಪುಪ್ಪಾಗಿತ್ತು. ಬಣ್ಣ ಕಾಯಿಸುವಾಗ ಹಂಡೆಗೆ ಉಪ್ಪು ಹಾಕುವುದು ಓಣಿಗೆಲ್ಲ ಗೊತ್ತು. ಕಾಕಾನ ಗುಂಡಿಯದೇ ಉಪ್ಪು ಅಂತ ಎಲ್ಲರೂ ಹೇಳತೊಡಗಿದ್ದರು, ಆಯಿಯೊಬ್ಬಳನ್ನು ಬಿಟ್ಟು. ನಾನು ಬಾಟಲಿ ಚೀಲ ಹೊತ್ತು ತಿರುಗುವುದನ್ನು ನೋಡಿ ಕಾಕಾ ತಾನೇ ಕರೆದ.

‘ನೀರಿಗೆ ಗುರುತ ಹಾಕಿ ಎಲ್ಲಿ ಹೋಗತೈತಿ ಅಂತ ಹೇಳ್ತೀಯಂತ, ಹೌದೇನು?’

‘ಹೌದ್ರಿ ಕಾಕಾ.’

‘ನನ್ನ ಗುಂಡ್ಯಾಗ ಹಾಕು. ಆಯಿ ಬಾವ್ಯಾಗ ಕಂಡ್ರ ಅವತ್ತ ಹಂಡಿ ಬೋರಲ ಹಾಕ್ತೇನಿ. ಓಣಿ ಮಂದಿ ಮುಂದ ಹೇಳಾಕತ್ತೇನಿ ಮತ್ತ.’

ಗೋಡೆಯಾಚೆಯಿಂದ ಆಯಿ ಅಂದಳು, ‘ಬ್ಯಾಡೋ ತಮ್ಮಾ. ನನ್ನ ಮದುವಿ ಸೀರಿ ಸೆರಗ ನಿಮ್ಮಪ್ಪ ಅದ್ದಿದ್ದು. ನೀರ ಉಪ್ಪಾದ್ರ ಪಲ್ಯಾಕ ಉಪ್ಪ ಕಡಿಮಿ ಹಾಕ್ತೇನಿ, ಅಷ್ಟ.’

ಕಾಕಾ ಕೇಳಲಿಲ್ಲ.

ಮೇಡಂ ಒಪ್ಪಿದರು. ಮೊದಲು ಬಾವಿ, ಗುಂಡಿ, ನಳ, ಮೂರರ ನೀರನ್ನೂ ಬಾಟಲಿಗೆ ಕಂಠಮಟ ತುಂಬಿ ಕಳಿಸಬೇಕು, ಗುಳ್ಳೆಯಷ್ಟೂ ಗಾಳಿ ಒಳಗಿರಬಾರದು. ಆಮೇಲೆ ಗುಂಡಿಗೆ ಗುರುತಿನ ಪುಡಿ. ಆಮೇಲೆ ದಿನಾ ಬಾವಿ ನೀರು ನೋಡುವುದು, ವಾರಗಟ್ಟಲೆ. ‘ಪುಡಿ ಮುಟ್ಟಿದ ಕೈಲೆ ಬಾವಿ ಮುಟ್ಟಬ್ಯಾಡ’ ಅಂತ ಮೂರು ಸಲ ಹೇಳಿದರು. ಕೈಯ ವಿಷಯ ನಾನು ಮರೆಯಲಿಲ್ಲ. ಹಗ್ಗದ ವಿಷಯ ಅವರು ಹೇಳಿರಲಿಲ್ಲ.

ಆ ದಿನ ಬೆಳಿಗ್ಗೆ ಮೂರೂ ನೀರು ತುಂಬಿ ಚೀಟಿ ಅಂಟಿಸಿದೆ. ಬಾವಿ ನೀರನ್ನು ಆಯಿ ತಾನೇ ಸೇದಿ ಕೊಟ್ಟಳು. ಆಮೇಲೆ ಕಾಕಾನ ಹಿತ್ತಲಲ್ಲಿ ಕೂತೆ. ಕಾಕಾ ಕೆಂಪು ಹಂಡೆಯ ಮುಂದಿದ್ದ. ಒಂದು ಲಡಿ ನೂಲು ಎತ್ತಿ, ಹಿಂಡಿ, ಕೋಲಿಗೆ ಹಾಕಿ, ಮೊಣಕೈವರೆಗೆ ಕೈ ತೊಳೆದುಕೊಂಡು ಆಮೇಲೆಯೇ ಹಳದಿ ಹಂಡೆಯ ಕಡೆ ಹೋಗುತ್ತಿದ್ದ. ಹಂಡೆಗೊಂದು ಕೋಲು. ಕೆಂಪಿನ ಕೋಲು ಹಳದಿಗೆ ಹೋಗುವಂತಿಲ್ಲ. ಒಬ್ಬ ನೇಕಾರ ಬಂದು ಹಸಿ ಲಡಿ ನೋಡಿ ಮೂಗು ಮುರಿದ.

‘ಭಾಳ ಕಪ್ಪಾತಲ್ಲೋ ಮಾರಾಯಾ.’

‘ಹಸೀ ಐತಿ. ಒಣಗಿದ ಮ್ಯಾಲ ಬಂದ ಬೈ’ ಅಂದ ಕಾಕಾ, ತಲೆ ಎತ್ತದೆ.

ಇಷ್ಟೆಲ್ಲ ಕಣ್ಣೆದುರು ನಡೆಯಿತು. ನಾನು ನೋಡಿದೆ, ನಕ್ಕೆ, ಒಂದನ್ನೂ ಕಲಿಯಲಿಲ್ಲ.

ಗುರುತಿನ ಪುಡಿ ನೋಡಲು ಇಟ್ಟಿಗೆ ಪುಡಿಯ ಹಾಗೆ ಕೆಂಪು. ನೀರಿಗೆ ಬಿದ್ದರೆ ಹಸಿರು, ಅದೂ ಎಂಥ ಹಸಿರು, ಬಿಸಿಲಿಗೆ ಗಿಳಿಯ ರೆಕ್ಕೆಯಂತೆ ಉರಿಯುವ ಹಸಿರು. ಕುಡಿದರೂ ಅಪಾಯವಿಲ್ಲ ಅಂತ ಮೇಡಂ ಹೇಳಿದ್ದರು. ಡಬ್ಬಿಯಲ್ಲಿ ಅದನ್ನು ಗಟ್ಟಿಯಾಗಿ ಕಲಸಿ ಗುಂಡಿಗೆ ಇಳಿಸಬೇಕಿತ್ತು. ಗುಂಡಿ ಎರಡಾಳುದ್ದ, ಮೇಲಿನ ಕಲ್ಲಿನಲ್ಲಿ ಸಣ್ಣ ಕಂಡಿ. ನನ್ನ ಚೀಲದಲ್ಲಿ ಹೊಸ ನೈಲಾನ್ ಹಗ್ಗ ಇತ್ತು, ಆದರೆ ಅದು ಬಾವಿಯಿಂದ ನೀರು ತೆಗೆಯಲು ಕಾದಿಟ್ಟ ಚೊಕ್ಕ ಹಗ್ಗ. ಅದನ್ನು ಹೊಲಸು ಮಾಡಬಾರದು ಅನ್ನುವಷ್ಟು ಶಾಣ್ಯಾತನ ನನಗಿತ್ತು. ಕಾಕಾ ಊಟಕ್ಕೆ ಹೋಗಿದ್ದ. ಗೋಡೆಯ ಮೇಲಿಂದ ನೋಡಿದರೆ ಆಯಿಯ ಗೂಟದಲ್ಲಿ ಹಗ್ಗ ನನ್ನನ್ನೇ ಕರೆಯುತ್ತಿದ್ದಂತೆ ತೂಗುತ್ತಿತ್ತು. ಮುಂದಿನದು ಮೊದಲೇ ಹೇಳಿದ್ದೇನೆ. ಡಬ್ಬಿ ಕಟ್ಟಿ ಇಳಿಸಿದೆ, ಬೋರಲಾಗಿಸಿದೆ, ಮೇಲಕ್ಕೆಳೆದೆ. ಹಗ್ಗದ ತುದಿಯನ್ನು ನನ್ನ ಟಾವೆಲ್ಲಿನಿಂದ ಒರೆಸಿದೆ. ಬಿಸಿಲಿಗೆ ಕ್ಷಣದಲ್ಲಿ ಒಣಗಿತು. ತುದಿ ಸ್ವಲ್ಪ ಕೆಂಪಾಗಿತ್ತು. ಆ ಹಿತ್ತಲಲ್ಲಿ ಗೋಡೆ ಕೆಂಪು, ಕಟ್ಟೆ ಕೆಂಪು, ಬೆಕ್ಕಿನ ಬಾಲವೂ ಕೆಂಪು. ಹಗ್ಗದ ತುದಿ ಕೆಂಪಾದರೆ ಯಾರು ಕೇಳಬೇಕು.

ಸಂಜೆ ನಾಲ್ಕಕ್ಕೆ ಮೊದಲ ಸಲ ಬಾವಿ ನೋಡಲು ಹೋದೆ. ಚೀಲದಿಂದ ಚೊಕ್ಕ ಹಗ್ಗ, ಚೊಕ್ಕ ಬಾಟಲಿ ತೆಗೆದೆ. ಆಯಿ ಕೈ ಅಡ್ಡ ಹಿಡಿದಳು.

‘ಊರೆಲ್ಲಾ ತಿರುಗಿ ಬಂದ ಬಾಟ್ಲಿ ನನ್ನ ಬಾವ್ಯಾಗ ಬಿಡಬ್ಯಾಡ. ನಮ್ಮ ಬಾವ್ಯಾಗ ನಮ್ಮ ಹಗ್ಗ, ನಮ್ಮ ಕೊಡ. ನಮ್ಮತ್ತಿ ಕಾಲದಿಂದ ಹಂಗ ಬಂದೈತಿ.’

‘ಆಯಿ, ಇದು ಚೊಕ್ಕ ಐತ್ರಿ.’

‘ನಿನಗ ಚೊಕ್ಕ. ಸಂಜೀಕ ದೇವರ ಮುಂದ ಇಡೂ ನೀರದು.’

ಅಲ್ಲಿ ನಾನು ಬಾಯಿ ಬಿಡಬೇಕಿತ್ತು. ಬಿಟ್ಟಿದ್ದರೆ ಹಗ್ಗ ಗುಂಡಿಗೆ ಹೋಗಿ ಬಂದ ಕತೆ ಹೇಳಬೇಕಾಗುತ್ತಿತ್ತು. ಒಣಗಿದೆಯಲ್ಲ, ಏನಾಗುತ್ತದೆ ಅಂದುಕೊಂಡೆ. ಆಯಿ ಕೊಡಕ್ಕೆ ಹಗ್ಗ ಬಿಗಿದು ಇಳಿಸಿದಳು. ಕೊಡ ಮೇಲೆ ಬಂತು. ನೀರಿನಲ್ಲಿ ಹಸಿರು ಎಳೆ. ಬಾವಿಯಲ್ಲಿ ಬಗ್ಗಿ ನೋಡಿದೆ. ಇಳಿಬಿಸಿಲು ಬಿದ್ದ ಕಡೆ ನೀರೆಲ್ಲ ಗಿಳಿ.

ನಾನು ಒದರಿದ್ದು ಹುನಗುಂದದವರೆಗೆ ಕೇಳಿಸಿರಬೇಕು. ‘ಸಿಕ್ತು. ಸಿಕ್ತ್ರಿ. ಗುಂಡಿ ನೀರು ಬಾವೀಗೆ ಬಂತು.’ ಮಂದಿ ಕೂಡಿದರು. ಕಟ್ಟೆಯ ಮೇಲೆ ಹತ್ತಿ ನಿಂತು ಭಾಷಣ ಮಾಡಿದೆ. ಇಳಕಲ್ಲಿನ ಕಲ್ಲು ಗಟ್ಟಿ ಅಂತೀರಲ್ಲ, ಅದರೊಳಗೆ ಬಿರುಕುಗಳಿವೆ, ಬಿರುಕಿನಲ್ಲಿ ನೀರು ರಸ್ತೆಯ ಮೇಲೆ ಗಾಡಿ ಓಡಿದ ಹಾಗೆ ಓಡುತ್ತದೆ, ಇತ್ಯಾದಿ. ನಾಲ್ಕು ತಾಸಿನಲ್ಲಿ ಅರವತ್ತು ಹೆಜ್ಜೆ. ಯಾರೋ ಚಪ್ಪಾಳೆ ಕೂಡ ತಟ್ಟಿದರು. ಕಾಕಾ ಬಂದು ಕೊಡದೊಳಗೆ ನೋಡಿದ. ಹೋಗಿ ಒಲೆಯ ಕಟ್ಟಿಗೆ ಹೊರಗೆಳೆದು ನೀರು ಚಿಮುಕಿಸಿದ. ಹೊಗೆ ಗೋಡೆ ದಾಟಿ ಬಂತು. ನಾನು ಭಾಷಣದ ಕೊನೆಯ ಭಾಗದಲ್ಲಿದ್ದೆ.

ಮಾರನೆಯ ದಿನ ಬಾಗಲಕೋಟೆಯಲ್ಲಿ ಮೇಡಂ ಎಲ್ಲ ಕೇಳಿಸಿಕೊಂಡು ಕನ್ನಡಕ ತೆಗೆದರು.

‘ನಾಕ ತಾಸಿನ್ಯಾಗ?’

‘ಹೌದ್ರಿ ಮೇಡಂ. ಬಿರುಕು ಇರಬೇಕ್ರಿ.’

‘ನೀರಿಗೆ ನಿನ್ನಂಗ ಅವಸರ ಇರೂದಿಲ್ಲಪಾ. ಮತ್ತೊಮ್ಮೆ ಯೋಚನಿ ಮಾಡು. ಅಲ್ಲೀತನಕ ಯಾರಿಗೂ ಏನೂ ಹೇಳಬ್ಯಾಡ.’

‘ಹೇಳಿಬಿಟ್ಟೇನ್ರಿ.’

‘ಎಷ್ಟ ಮಂದಿಗೆ?’

‘ಓಣಿಗೆ.’

ಅವರು ಬೈಯಲಿಲ್ಲ. ಬಾಟಲಿಗಳನ್ನು ಆ ದಿನವೇ ಕಳಿಸಿದರು. ಬೈದಿದ್ದರೆ ನೆಮ್ಮದಿಯಾಗುತ್ತಿತ್ತು. ಅಂದಿನಿಂದ ನನ್ನೊಳಗೆ ಏನೋ ತುರಿಸತೊಡಗಿತು. ಬಸ್ಸಿನಲ್ಲಿ ಕೂತರೆ ಎದ್ದು ನಿಲ್ಲಬೇಕು ಅನಿಸುವುದು, ನಿಂತರೆ ಇಳಿಯಬೇಕು ಅನಿಸುವುದು. ರಾಮಥಾಳದ ಕಡೆ ಹೊಲವೊಂದರ ಬೋರಿನ ನೀರು ತೆಗೆಯಲು ಹೋಗಿ ಖಾಲಿ ಬಾಟಲಿಗೆ ಚೀಟಿ ಅಂಟಿಸಿ ತಂದೆ. ಗುಡೂರಿನಲ್ಲಿ ಚಹಾ ಕುಡಿಯಲು ಇಳಿದವ ಚಹಾ ಕುಡಿಯದೆ ಬಸ್ ಹತ್ತಿದೆ, ಅದು ವಾಪಸ್ ಇಳಕಲ್ಲಿಗೆ ಹೋಗುವ ಬಸ್ ಆಗಿತ್ತು. ಕಂಡಕ್ಟರ್ ನನ್ನ ಕೈಯಲ್ಲಿದ್ದ ಬದಾಮಿಯ ಟಿಕೆಟ್ ನೋಡಿ, ‘ಬಸ್ಸು ತಿರುಗಿ ಹೊಂಟೈತ್ರಿ, ನೀವೆಲ್ಲಿ ಹೊಂಟೀರಿ?’ ಅಂತ ಕೇಳಿದ. ನನಗೂ ಅದೇ ತಿಳಿಯಬೇಕಿತ್ತು.

ನಾಲ್ಕನೆಯ ದಿನ ಬದಾಮಿಯ ಗುಡ್ಡದ ಬುಡದ ನೀರು ತುಂಬಿಕೊಂಡು ಶಿವಯೋಗ ಮಂದಿರದ ಹತ್ತಿರ ಮಲಪ್ರಭೆಯ ದಂಡೆಗೆ ಹೋದೆ. ಹೊಳೆಯ ನೀರೂ ಒಂದು ಬಾಟಲಿ ಬೇಕಿತ್ತು. ಬಿಸಿಲು ಜೋರಾಗಿತ್ತು. ಕೆಲಸ ಮುಗಿಸಿ, ಮುಖ ಒರೆಸಿಕೊಳ್ಳೋಣ ಅಂತ ಚೀಲದ ತಳದಿಂದ ಟಾವೆಲ್ ಎಳೆದು, ಹೊಳೆಯಿಂದ ಎತ್ತಿಟ್ಟಿದ್ದ ನನ್ನ ಬಕೆಟ್ಟಿನ ನೀರಿಗೆ ಅದ್ದಿದೆ.

ಬಕೆಟ್ಟು ಹಸಿರಾಯಿತು.

ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸು ‘ಎಂಥಾ ಬಣ್ಣಗೇಡಿ ಟಾವೆಲ್ ತಗೊಂಡೀಯೋ ಯಪ್ಪಾ’ ಅಂದಳು. ನಾನು ಟಾವೆಲ್ಲನ್ನು ನೋಡುತ್ತ ನಿಂತೆ. ನಾಲ್ಕು ದಿನದ ಹಿಂದೆ ಒಂದು ಸಲ ಹಗ್ಗದ ತುದಿ ಒರೆಸಿದ್ದ ಬಟ್ಟೆ. ಒರೆಸಿದ ಬಟ್ಟೆಯೇ ಹೀಗಾದರೆ ಹಗ್ಗ ಇನ್ನೇನಾಗಿರಬೇಕು. ಕಲ್ಲಿಗೆ ಬಿರುಕು ಬಿದ್ದಿರಲಿಲ್ಲ, ನನ್ನ ತಲೆಗೆ ಬಿದ್ದಿತ್ತು. ಗುಂಡಿಯಿಂದ ಬಾವಿಗೆ ಬಣ್ಣ ಹೊತ್ತೊಯ್ದದ್ದು ನೆಲವಲ್ಲ, ನಾನು. ಅರವತ್ತು ಹೆಜ್ಜೆ, ನನ್ನ ಎರಡು ಕಾಲಿನಿಂದ.

ಅಂದೇ ಇಳಕಲ್ಲಿಗೆ ಓಡಿದೆ ಅಂತ ಬರೆಯಲು ಆಸೆ. ಓಡಲಿಲ್ಲ. ಆಯಿಯ ಭಯ. ದೇವರ ಮುಂದೆ ಇಡುವ ನೀರಿನ ಹಗ್ಗ ಬಣ್ಣದ ಗುಂಡಿ ಕಂಡು ಬಂದಿದೆ ಅಂತ ಆ ಮುಖದ ಮುಂದೆ ಹೇಳುವುದು ಹೇಗೆ. ಮೇಡಂ ಅವರಿಗೆ ಫೋನಿನಲ್ಲಿ ಹೇಳಿದೆ. ‘ನನಗ್ಯಾಕ ಹೇಳಾಕತ್ತಿ? ನನ್ನ ಹಂಡಿ ಆರಿಲ್ಲ’ ಅಂದು ಫೋನ್ ಇಟ್ಟರು. ಮತ್ತೂ ಮೂರು ದಿನ ಏನೇನೋ ಕೆಲಸ ಹುಡುಕಿಕೊಂಡೆ. ಖಾಲಿ ಬಾಟಲಿಗಳನ್ನು ಎರಡೆರಡು ಸಲ ತೊಳೆದೆ. ಇಳಕಲ್ಲಿನ ಬಸ್ ಹತ್ತಿ ಹುನಗುಂದದಲ್ಲಿ ಇಳಿದು ಇರುವೆ ಬಂದಿವೆಯೇ ಅಂತ ಮಳೆಡಬ್ಬಿ ನೋಡಿ ವಾಪಸ್ ಬಂದೆ. ಅಲ್ಲಿನ ಬಸ್ ನಿಲ್ದಾಣದಲ್ಲಿ ಆ ಮೂಗು ಮುರಿದ ನೇಕಾರ ಸಿಕ್ಕ. ‘ನಿನ್ನ ಪುಣ್ಯಾ, ಆರೂ ಮಗ್ಗ ನಿಂತಾವು. ಸೆರಗಿಗೆ ಕೆಂಪ ಹುಡುಕ್ಕೊಂಡ ಹೊಂಟೇನಿ. ಅವನಂಥಾ ಕೆಂಪ ಎಲ್ಲಿ ಸಿಗಬೇಕ್ ಹೇಳು’ ಅಂದ. ಆತ ಸಿಟ್ಟಿನಲ್ಲೂ ಇರಲಿಲ್ಲ, ಅದೇ ಕಷ್ಟವಾಯಿತು.

ಎಂಟನೆಯ ದಿನ ಹೋದೆ. ಆಯಿ ಕಟ್ಟೆಯ ಮೇಲೆ ಜೋಳ ಹಸನು ಮಾಡುತ್ತಿದ್ದಳು. ಹಗ್ಗ ಗೂಟದಲ್ಲೇ ಇತ್ತು. ಅಂದಿನಿಂದ ಯಾರೂ ನೀರು ಸೇದಿರಲಿಲ್ಲ.

‘ಆಯಿ, ಹಗ್ಗದ ಮಾತೊಂದು ಹೇಳೂದೈತ್ರಿ.’

‘ಯಾವ ಹಗ್ಗ?’

‘ನಿಮ್ಮ ಬಾವಿ ಹಗ್ಗರಿ. ಅವತ್ತ ನೀವು ಊಟಕ್ಕ ಹೋದಾಗ ಅದನ್ನ ನಾ ಕಾಕಾರ ಗುಂಡ್ಯಾಗ ಬಿಟ್ಟಿದ್ದೆ.’

ಆಯಿಯ ಕೈ ಮೊರದ ಮೇಲೆ ನಿಂತಿತು. ‘ಬಣ್ಣದ ಗುಂಡ್ಯಾಗ?’

‘ಹೌದ್ರಿ.’

‘ನಿನ್ನ ಬಾಟ್ಲಿ ಬಿಡಬ್ಯಾಡ, ನಮ್ಮ ಹಗ್ಗ ಚೊಕ್ಕ ಐತಿ ಅಂತ ನಾ ಹೇಳೂಮುಂದ ಸುಮ್ಮನ ನಿಂತಿದ್ಯಲ್ಲೋ.’

‘ಒಣಗಿತ್ತಲ್ರಿ ಅಂತ…’

ಆಯಿ ಎದ್ದಳು. ಮೊರ ನನ್ನ ತಲೆಗೆ ಬರುತ್ತದೆ ಅಂತ ಬಗ್ಗಿದೆ. ಆಕೆ ಗೋಡೆಯ ಹತ್ತಿರ ಹೋಗಿ ಕರೆದಳು, ‘ತಮ್ಮಾ, ಇಲ್ಲೆ ಬಾ. ಈ ಶಾಣ್ಯಾ ಏನೋ ಹೇಳ್ತಾನಂತ. ಅವತ್ತ ಹತ್ತಿ ನಿಂತಿದ್ನಲ್ಲ, ಅದ ಕಟ್ಟಿ ಮ್ಯಾಲ ಹತ್ತಿ ಹೇಳ್ಲಿ.’

ಹತ್ತಿದೆ. ಈ ಸಲ ಭಾಷಣ ಸಣ್ಣದಿತ್ತು. ಓಣಿಯ ಮಂದಿ ಅಷ್ಟೇ ಬೇಗ ಕೂಡಿದರು. ಒಂದು ಚರಗಿ ನಳದ ನೀರು ತರಿಸಿ, ಹಗ್ಗದ ತುದಿ ಅದ್ದಿದೆ. ಹಸಿರು ಎಳೆಎಳೆಯಾಗಿ ಇಳಿಯಿತು. ಅಂದು ಚಪ್ಪಾಳೆ ತಟ್ಟಿದವನೇ ಮೊದಲು ನಕ್ಕ. ಕಾಕಾ ಚರಗಿಯನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದ.

‘ಹಂಗಾರ ನನ್ನ ಗುಂಡಿದಲ್ಲ’ ಅಂದ.

ಹೌದು ಅಂದುಬಿಡಲು ನಾಲಿಗೆ ತುದಿಗೆ ಬಂದಿತ್ತು. ತಡೆದುಕೊಂಡೆ. ‘ಗೊತ್ತಿಲ್ರಿ ಕಾಕಾ. ನನ್ನ ಪರೀಕ್ಷಾ ಕೆಟ್ಟೈತಿ ಅನ್ನೂದಷ್ಟ ಗೊತ್ತು. ಪುಡಿ ಹಾಕೂಕಿಂತ ಮೊದ್ಲ ತುಂಬಿದ್ದ ಬಾಟ್ಲಿ ಹೋಗ್ಯಾವು. ಅವು ಹೇಳಬೇಕು.’

ಆಯಿ ಒಲೆ ಹಚ್ಚು ಅಂದಳು. ಕಾಕಾ ಒಪ್ಪಲಿಲ್ಲ. ‘ಮಾತ ಕೊಟ್ಟೇನಿ ಆಯಿ. ಬಾಟ್ಲಿ ಹೇಳೂಮಟ ಹಂಡಿ ಬೋರಲ ಇರಲಿ.’

ಆಮೇಲಿನ ದಿನಗಳಲ್ಲಿ ಮೇಡಂ ಅವರ ಬಾಗಿಲಿನ ಹೊಸ್ತಿಲು ನನ್ನಿಂದ ಸವೆಯಿತು. ‘ಬಂತೇನ್ರಿ?’ ‘ಇಲ್ಲ.’ ‘ಇವತ್ತರಿ?’ ‘ಮುಂಜಾನಿ ಕೇಳಿದ್ಯಲ್ಲ.’ ಈ ನಡುವೆ ಆಯಿಯ ಬಾವಿಯನ್ನು ಮೋಟರು ಹಚ್ಚಿ ಬರಿದು ಮಾಡಿದೆವು, ಹೊಸ ನೀರು ಒಸರಿತು, ಮತ್ತೊಂದು ಸಲ ಗುಂಡಿಗೆ ಪುಡಿ ಹಾಕಿದೆವು. ಮೇಡಂ ತಾವೇ ಬಂದು ಹಾಕಿದರು. ನನ್ನನ್ನು ಓಣಿಯ ತುದಿಯಲ್ಲಿ, ಕೈ ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸಿದ್ದರು. ಬಾವಿಗೆ ಹಸಿರು ಬರಲಿಲ್ಲ. ದಿನಾ ನೋಡಿದೆ, ಬರಲಿಲ್ಲ.

ಕೊನೆಗೆ ಕಾಗದ ಬಂತು. ಕಾಕಾನ ಗುಂಡಿಯ ನೀರು ನಳದ ನೀರಿನದೇ ಮೈ, ಜಲಾಶಯದ ಬಿಸಿಲು ತಿಂದದ್ದು. ಬಾವಿಯ ನೀರಿಗೆ ಆ ಬಿಸಿಲಿನ ಗುರುತೇ ಇಲ್ಲ. ಅದು ಹುನಗುಂದದ ಡಬ್ಬಿಯ ಮಳೆನೀರಿಗೆ ಹೋಲುತ್ತಿತ್ತು, ಇರುವೆ ಬಿಟ್ಟು. ಉಪ್ಪಿನ ಜೊತೆ ಬಾವಿಯಲ್ಲಿ ನೈಟ್ರೇಟೂ ಬಹಳ ಇತ್ತು. ಬಣ್ಣದ ಗುಂಡಿಯಲ್ಲಿ ಅದು ಇರಲೇ ಇಲ್ಲ. ಸಗಣಿ, ಗಂಜಲ ಇಂಗುವ ಕಡೆ ಅದು ಬರುತ್ತದೆ ಅಂತ ಮೇಡಂ ಆಯಿಗೆ ತಿಳಿಸಿ ಹೇಳಿದರು. ಎಲ್ಲರೂ ಬಾವಿಯ ಬೆನ್ನಿಗೇ ಇದ್ದ ಆಯಿಯ ದನದ ಕೊಟ್ಟಿಗೆಯ ಕಡೆ ತಿರುಗಿದರು. ಕಳೆದ ವರ್ಷ ತಂದ ಎರಡು ಎಮ್ಮೆಗಳೂ ನಮ್ಮ ಕಡೆ ತಿರುಗಿದವು.

ಆಯಿ ಹೋಗಿ ಒಂದು ಎಮ್ಮೆಯ ಬೆನ್ನು ಸವರಿದಳು. ಆಮೇಲೆ ಅಂದಳು, ‘ಎಮ್ಮಿ ನಮ್ಮ ಮನೀವ ಅದಾವು. ಹಂಗಾರ ಬಾವ್ಯಾಗ ಹೊರಗಿಂದು ಏನೂ ಬಿದ್ದಿಲ್ಲ.’ ಅದೇ ವಾರ ಎಮ್ಮೆಗಳನ್ನು ಮನೆಯ ಮುಂದಿನ ಕಡೆ ಕಟ್ಟಿಸಿದಳು. ಹೊಸ ಹಗ್ಗ ತಂದಳು. ಹಳೆಯದನ್ನು ನನ್ನ ಚೀಲಕ್ಕೆ ತುರುಕಿ, ‘ಇದು ನಿಂದು’ ಅಂದಳು.

ಕಾಕಾನ ಹಂಡೆ ಮತ್ತೆ ಕಾಯಿತು. ನಾನು ಅತ್ತ ಹೋಗಲು ಹಿಂಜರಿಯುತ್ತಿದ್ದೆ. ಒಂದು ದಿನ ತಾನೇ ಕರೆದು ಕಟ್ಟೆಯ ಮೇಲೆ ಕೂಡಿಸಿದ. ಏನಾದರೂ ಹೇಳಬೇಕಲ್ಲ ಅಂತ ನಾನು ಗಿಳಿ, ಬಕೆಟ್ಟು, ಕಂಡಕ್ಟರ್ ಎಲ್ಲವನ್ನೂ ಉಪ್ಪುಖಾರ ಹಚ್ಚಿ ಹೇಳಿದೆ. ಕಾಕಾ ನಕ್ಕ. ಕೆಂಪು ಲಡಿ ಹಿಂಡುತ್ತಲೇ ಇದ್ದ. ನಗು ಮುಗಿದ ಮೇಲೆ ಅಂದ:

‘ನಗಸ್ತಿ, ಛಲೋ. ಹಂಡಿ ಆರಿದ್ದಕ್ಕ ನನಗ ಏನೂ ಅನಿಸಿಲ್ಲ. ಅವತ್ತ ನೀ ಕಟ್ಟಿ ಮ್ಯಾಲ ಒದರೂಮುಂದ ನಾನೂ ನಂಬಿದೆ. ಆಯಿಗೆ ಇಷ್ಟ ದಿನಾ ಬಣ್ಣದ ನೀರು ಕುಡಿಸಿದಾವ ನಾನ ಅಂತ ನಂಬಿದೆ. ನೀ ಬಂದ ಹೇಳೂಮಟ ಎಂಟ ದಿನ ಆಕಿ ಮಾರಿ ನೋಡಿಲ್ಲ ನಾ. ಆಕಿ ಗ್ವಾಡಿ ಮ್ಯಾಲಿಂದ ರೊಟ್ಟಿ ಕೊಡಾಕ ಬಂದ್ರ ಒಳಗ ಹೋಗ್ತಿದ್ದೆ. ಅದನ್ನ ನಿನ್ನ ಕತಿಯಾಗ ಸೇರಿಸಿಕೊ.’

ಲಡಿಯನ್ನು ನನ್ನ ಕಡೆ ಚಾಚಿದ.

‘ತಗೊ, ಇದನ್ನ ನೆರಳಿಗೆ ಹಾಕು. ಮೊದ್ಲ ಕೈ ತೊಳ್ಕೊ.’